ಬೇಟೆ ರೈಫಲ್‌ಗೆ ಮರದ ಸ್ಟಾಕ್: ದುಡ್ಡು ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು?

ಪ್ರಶ್ನೆ: ಜರ್ಮನಿಯ ಮೌಸರ್ 98 ರೈಫಲ್ಲಿನ ಹಳೆಯ ಆಕ್ಷನ್ (ಗುಂಡು ತುಂಬಿ ಹಾರಿಸುವ ಲೋಹದ ಭಾಗ) ಒಂದನ್ನು ಇಟ್ಟುಕೊಂಡು ಬೇಟೆಗೆ ರೈಫಲ್ ಕಟ್ಟಿಸುತ್ತಿದ್ದೇನೆ. ಹೊಸ ಬ್ಯಾರೆಲ್ ಆಯಿತು, ಟ್ರಿಗರ್ ಆಯಿತು. ಸ್ಟಾಕ್, ಅಂದರೆ ಇವೆಲ್ಲ ಕೂರುವ, ಭುಜಕ್ಕೆ ಒರಗಿಸುವ ಹಿಡಿ ಒಂದೇ ಬಾಕಿ. ಮರದ್ದೇ ಬೇಕು ಅಂತ ಆಸೆ. ಆದರೆ ವಾಲ್‌ನಟ್ ಸ್ಟಾಕ್‌ನ ಬೆಲೆ ಕೇಳಿದರೆ ಉಳಿದ ರೈಫಲ್‌ಗೆ ಆದಷ್ಟೇ ಹೇಳುತ್ತಾರೆ. ಕಡಿಮೆ ಖರ್ಚಿನಲ್ಲಿ ಒಳ್ಳೆಯದು ಸಿಗುತ್ತಾ?

ಸಿಗುತ್ತದೆ. ನಿಮಗೆ ಹೇಳಿದ ಆ ಬೆಲೆ ಯಾತಕ್ಕೆ ಅಂತ ಮೊದಲು ನೋಡೋಣ. ಅದರಲ್ಲಿ ಹೆಚ್ಚಿನ ಪಾಲು ಮರದ ಅಂದಕ್ಕೆ, ಕೈಕೆಲಸದ ಗಂಟೆಗಳಿಗೆ ಹೋಗುತ್ತದೆ. ಮರದ ಗಟ್ಟಿತನಕ್ಕೆ ಹೋಗುವುದು ಸ್ವಲ್ಪವೇ.

ವಾಲ್‌ನಟ್, ಅಂದರೆ ಅಕ್ರೋಟಿನ ಮರ, ತೂಕ ಮತ್ತು ಗಟ್ಟಿತನ ಎರಡರಲ್ಲೂ ಹದವಾಗಿರುತ್ತದೆ. ಗುಂಡು ಹಾರಿದಾಗಿನ ಒದೆತ ತಡೆಯುತ್ತದೆ, ಸುಲಭಕ್ಕೆ ಸೀಳುವುದಿಲ್ಲ, ಹವೆ ಬದಲಾದರೂ ಜಾಸ್ತಿ ತಿರುಚಿಕೊಳ್ಳುವುದಿಲ್ಲ. ಉಳಿ ಇಟ್ಟರೆ ಬೆಣ್ಣೆಯಂತೆ ಬರುತ್ತದೆ. ಬಂದೂಕು ಮಾಡುವವರು ತಲೆತಲಾಂತರದಿಂದ ಇದನ್ನೇ ನೆಚ್ಚಿಕೊಂಡಿರುವುದು ಅದಕ್ಕೇ. ಈ ಗುಣಗಳೆಲ್ಲ ಸಾದಾ, ನೇರ ಎಳೆಗಳ (ಮರದ ನಾರಿನ ಗೆರೆಗಳ) ವಾಲ್‌ನಟ್‌ನಲ್ಲೂ ಇವೆ. ಬೆಲೆ ಏರುವುದು ಭುಜದ ಕಡೆಯ ಅಗಲ ಭಾಗದಲ್ಲಿ ಹೊಗೆ ಸುಳಿದಂಥ ಕಪ್ಪು ಗೆರೆ, ಅಡ್ಡಪಟ್ಟೆಯ ಹೊಳಪು ಇದ್ದಾಗ. ಮಾರುವವರು ಸ್ಟ್ಯಾಂಡರ್ಡ್, ಸೆಮಿ ಫ್ಯಾನ್ಸಿ, ಫ್ಯಾನ್ಸಿ, ಎಕ್ಸಿಬಿಷನ್ ಅಂತ ದರ್ಜೆ ಹಾಕುವುದು ಬಹುಪಾಲು ಈ ಚಿತ್ತಾರ ನೋಡಿಯೇ. ಹಾಗಾಗಿ ನೀವು ಸ್ಟ್ಯಾಂಡರ್ಡ್ ದರ್ಜೆಯನ್ನೇ ಕೇಳಿ. ಮುಜುಗರ ಪಡಬೇಕಾಗಿಲ್ಲ. ಎಣ್ಣೆ ಕುಡಿದ ಸಾದಾ ವಾಲ್‌ನಟ್ ನೋಡುವುದಕ್ಕೂ ಚೆಂದವೇ.

ಆದರೆ ಎಳೆಗಳು ಹರಿಯುವ ದಿಕ್ಕಿನ ವಿಷಯದಲ್ಲಿ ಮಾತ್ರ ರಾಜಿ ಮಾಡಿಕೊಳ್ಳಬೇಡಿ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸ್ಟಾಕ್‌ನಲ್ಲಿ ಕೈ ಸುತ್ತಿ ಹಿಡಿಯುವ ಸಣ್ಣ ಜಾಗ ಇದೆಯಲ್ಲ, ಅದೇ ಎಲ್ಲಕ್ಕಿಂತ ದುರ್ಬಲ. ಅಲ್ಲಿ ಮರ ತೆಳ್ಳಗಿರುತ್ತದೆ. ಅದರ ಮುಂದೆಯೇ ಟ್ರಿಗರ್‌ಗೆ, ಸ್ಕ್ರೂಗೆ ಅಂತ ತೂತು ಕೊರೆದಿರುತ್ತಾರೆ. ರೈಫಲ್ ಕೈತಪ್ಪಿ ಬಿದ್ದರೆ ಮುರಿಯುವುದು ಅಲ್ಲೇ. ಪಕ್ಕದಿಂದ ನೋಡಿದಾಗ ಎಳೆಗಳು ಆ ಹಿಡಿಯ ಉದ್ದಕ್ಕೂ, ಅದರ ಇಳಿಜಾರಿನ ಜೊತೆಗೇ ಹರಿದಿರಬೇಕು. ಅಡ್ಡಡ್ಡ ಹಾದು ಹೊರಗೆ ಹೋಗಿದ್ದರೆ ಆ ತುಂಡು ಬೇಡ. ಮೇಲಿನಿಂದಲೂ ಒಮ್ಮೆ ನೋಡಿ. ಬ್ಯಾರೆಲ್ ಕೆಳಗಿನ ಮುಂಭಾಗದಲ್ಲೂ ಎಳೆ ನೇರ ಇರಬೇಕು. ಇಲ್ಲದಿದ್ದರೆ ತೇವ ಹೀರಿದಾಗ ಆ ತುದಿ ಬಾಗುತ್ತದೆ, ಬ್ಯಾರೆಲ್ಲನ್ನು ಪಕ್ಕಕ್ಕೆ ಒತ್ತುತ್ತದೆ, ಗುಂಡು ಬೇರೆ ಕಡೆ ಬೀಳುತ್ತದೆ. ದೂರದಿಂದ ತರಿಸುವುದಾದರೆ ಎರಡೂ ಪಕ್ಕದ ಮತ್ತು ಮೇಲಿನ ಫೋಟೋ ಕೇಳಿ. ಕಳಿಸುವುದಿಲ್ಲ ಅಂದರೆ ಬೇರೆಯವರ ಹತ್ತಿರ ಹೋಗಿ.

ಇನ್ನು ಉಳಿತಾಯದ ದಾರಿ. ನನ್ನ ಪ್ರಕಾರ ನಿಮಗೆ ಸರಿಹೊಂದುವುದು ಅರೆ ಕೆತ್ತಿದ ಸ್ಟಾಕ್. ಒಂದು ಮಾದರಿ ಸ್ಟಾಕನ್ನು ಯಂತ್ರಕ್ಕೆ ಕಟ್ಟುತ್ತಾರೆ. ಯಂತ್ರ ಅದರ ಮೈಮೇಲೆ ಹರಿದಾಡುತ್ತಾ ಪಕ್ಕದ ದಿಮ್ಮಿಯನ್ನು ಅದೇ ಆಕಾರಕ್ಕೆ ಕೆತ್ತುತ್ತದೆ. ಹತ್ತರಲ್ಲಿ ಒಂಬತ್ತು ಪಾಲು ಕೆಲಸ ಅಲ್ಲೇ ಮುಗಿಯುತ್ತದೆ. ಕೊನೆಯ ಪಾಲು ನಿಮ್ಮದು: ಆಕ್ಷನ್ ಬಿಗಿಯಾಗಿ ಕೂರುವಂತೆ ಒಳಗೆ ಕೆರೆಯುವುದು, ಹೊರಗೆ ಉಜ್ಜುವುದು, ಎಣ್ಣೆ ಹಚ್ಚುವುದು. ಕುಶಲಕರ್ಮಿಗೆ ಕೊಡಬೇಕಾದ ಗಂಟೆಗಳನ್ನು ನಿಮ್ಮ ಸಂಜೆಗಳಿಂದ ತುಂಬುತ್ತೀರಿ, ಅಷ್ಟೇ. ಕೈಕೆಲಸ ಬೇಡವೇ ಬೇಡ ಅಂದರೆ ಪೂರ್ತಿ ಕೆತ್ತಿದ್ದೂ ಸಿಗುತ್ತದೆ. ಅಮೆರಿಕದ ಸೌತ್ ಡಕೋಟಾದ ಬಾಯ್ಡ್ಸ್‌ನಂಥ ಕಂಪನಿಗಳು ರೈಫಲ್ ಮಾದರಿ ಹೇಳಿದರೆ ಅದಕ್ಕೆ ತಕ್ಕಂತೆ ಮಾಡುತ್ತವೆ.

ಆರ್ಡರ್ ಮಾಡುವ ಮೊದಲು ನಿಮ್ಮ ಆಕ್ಷನ್ ಯಾವ ಮೌಸರ್ ಅಂತ ಖಚಿತ ಮಾಡಿಕೊಳ್ಳಿ. ಎಲ್ಲವನ್ನೂ 98 ಅಂತಲೇ ಕರೆಯುವ ರೂಢಿ ಇದೆ. ಯುಗೊಸ್ಲಾವಿಯಾದ ಎಂ48 ನೋಡಲು ಅದೇ ಥರ ಇದ್ದರೂ ಆಕ್ಷನ್ ಸುಮಾರು ಕಾಲು ಇಂಚು ಗಿಡ್ಡ. ಮಾಮೂಲಿ 98ರ ಸ್ಟಾಕ್‌ನಲ್ಲಿ ಅದರ ಸ್ಕ್ರೂ ತೂತುಗಳು ಕೂರುವುದಿಲ್ಲ. ಸ್ವೀಡನ್ನಿನ 96ರ ಲೆಕ್ಕವೇ ಬೇರೆ. ಆಕ್ಷನ್ ಹಿಡಿದಿಡುವ ಎರಡು ಸ್ಕ್ರೂಗಳ ನಡುವಿನ ಅಂತರ ಅಳೆದು ಬರೆದುಕೊಳ್ಳಿ. ಬ್ಯಾರೆಲ್‌ನ ದಪ್ಪವನ್ನೂ ಬುಡದಲ್ಲಿ, ತುದಿಯಲ್ಲಿ ಅಳೆಯಿರಿ. ಬ್ಯಾರೆಲ್ ಕೂರುವ ತೋಡು ಇಕ್ಕಟ್ಟಾದರೆ ಅದನ್ನು ಅಗಲ ಮಾಡಬಹುದು, ಅಗಲವಾದದ್ದನ್ನು ಕಿರಿದು ಮಾಡಲಾಗುವುದಿಲ್ಲ, ಅಲ್ವಾ? ಬೇರೆ ಟ್ರಿಗರ್ ಹಾಕಿದ್ದೀರಲ್ಲ, ಅದರ ಜಾಗದಲ್ಲಿ ಇನ್ನಷ್ಟು ಮರ ತೆಗೆಯಬೇಕಾಗಬಹುದು.

ಕೂರಿಸುವ ಕೆಲಸಕ್ಕೆ ಬೇಕಾದದ್ದು ಚೂಪಾದ ಉಳಿ, ಕೆರೆಯುವ ಸಾಧನ, ತಾಳ್ಮೆ. ಶುರು ಮಾಡುವ ಮುಂಚೆ ರೈಫಲ್ ಖಾಲಿ ಇದೆಯಾ ಅಂತ ನೋಡಿ, ಆಕ್ಷನ್ ಒಳಗೆ ಹಿಂದೆ ಮುಂದೆ ಸರಿಯುವ ಬೋಲ್ಟ್ ತೆಗೆದಿಡಿ. ಲೋಹದ ಮೇಲೆ ತೆಳ್ಳಗೆ ಕಪ್ಪು ಬಣ್ಣ ಬಳಿದು, ಸ್ಟಾಕ್‌ನಲ್ಲಿ ಇಳಿಸಿ, ನೇರಕ್ಕೆ ಎತ್ತಿ. ಕಪ್ಪು ಅಂಟಿದ ಕಡೆ ಮಾತ್ರ ಕೆರೆಯಿರಿ. ಮತ್ತೆ ಇಳಿಸಿ, ಮತ್ತೆ ಎತ್ತಿ. ನೂರು ಸಲ ಆದರೂ ಆದೀತು. ಒಂದೇ ಏಟಿಗೆ ಜಾಸ್ತಿ ತೆಗೆದರೆ ಮರ ವಾಪಸ್ ಬರುವುದಿಲ್ಲ.

ಒದೆತವನ್ನೆಲ್ಲ ಹೊರುವುದು ಆಕ್ಷನ್ ಅಡಿಯ ರಿಕಾಯ್ಲ್ ಲಗ್ ಅನ್ನುವ ಉಕ್ಕಿನ ಉಬ್ಬು. ಅದರ ಹಿಂದಿನ ಮುಖ ಮರಕ್ಕೆ ಪೂರ್ತಿ ಒರಗಿರಬೇಕು. ಹೀಗೆ ಒರಗಿಸಲು ಎಪಾಕ್ಸಿ (ಕಲ್ಲಿನಂತೆ ಗಟ್ಟಿಯಾಗುವ ಅಂಟು) ತುಂಬುವುದು ಒಳ್ಳೆಯದು. ಅಕ್ರಾಗ್ಲಾಸ್‌ನಂಥವು ಇದಕ್ಕೆಂದೇ ಇವೆ. ಲಗ್‌ನ ಮುಂದೆ, ಪಕ್ಕಗಳಲ್ಲಿ, ತಳದಲ್ಲಿ ಟೇಪ್ ಅಂಟಿಸಿದರೆ ಅಲ್ಲೆಲ್ಲ ಸಣ್ಣ ಸಂದು ಉಳಿಯುತ್ತದೆ. ಸ್ಕ್ರೂಗಳೂ ಸೇರಿ ಇಡೀ ಲೋಹಕ್ಕೆ ಬಿಡಿಸುವ ಮೇಣ ಹಚ್ಚಲೇಬೇಕು. ಮರೆತರೆ ರೈಫಲ್ ಶಾಶ್ವತವಾಗಿ ಅಂಟಿಕೊಳ್ಳುತ್ತದೆ. ಇನ್ನೊಂದು, ಆಕ್ಷನ್‌ನ ಹಿಂದಿನ ಬಾಲದ ತುದಿ ಮರಕ್ಕೆ ಒತ್ತಿ ಕೂರಬಾರದು. ಅದರ ಹಿಂದೆ ಕೂದಲೆಳೆಯಷ್ಟು ಜಾಗ ಬಿಡಿ. ಬಿಡದಿದ್ದರೆ ಪ್ರತಿ ಗುಂಡಿಗೂ ಅದು ಸೌದೆ ಸೀಳುವ ಬೆಣೆಯ ಹಾಗೆ ಕೆಲಸ ಮಾಡುತ್ತದೆ. ಹಳೆಯ ಸ್ಟಾಕ್‌ಗಳಲ್ಲಿ ಹಿಡಿಯ ಮೇಲೆ ಕಾಣುವ ಬಿರುಕು ಎಷ್ಟೋ ಸಲ ಇದೇ ಕಾರಣಕ್ಕೆ ಬಂದದ್ದು.

ಹಳೆಯದು ಅಂದೆನಲ್ಲ, ಅದೂ ಒಂದು ಅಗ್ಗದ ದಾರಿ. ಎಷ್ಟೋ ಜನ ಸಿಂಥೆಟಿಕ್ ಸ್ಟಾಕ್ ಹಾಕಿಕೊಂಡು ಮೊದಲಿನ ಮರದ್ದನ್ನು ಮಾರುತ್ತಾರೆ. ರೆಮಿಂಗ್ಟನ್ 700, ವಿಂಚೆಸ್ಟರ್ 70ರಂಥ ಸಾವಿರಗಟ್ಟಲೆ ಇರುವ ರೈಫಲ್‌ಗಳಿಗೆ ಇದಕ್ಕಿಂತ ಅಗ್ಗದ್ದು ಇಲ್ಲ. ಮೌಸರ್‌ಗೂ ಸಿಗುತ್ತದೆ, ಹುಡುಕಬೇಕು. ಬಾಲದ ಹಿಂದೆ ಬಿರುಕು ಇದೆಯಾ, ಒಳಗಿನ ಮರ ಬಂದೂಕಿನ ಎಣ್ಣೆ ಕುಡಿದು ಕಪ್ಪಾಗಿ ಮೆತ್ತಗಾಗಿದೆಯಾ ನೋಡಿ. ಉಗುರು ಒತ್ತಿದರೆ ಗುಳಿ ಬೀಳುವಂಥದ್ದನ್ನು ಬಿಟ್ಟುಬಿಡಿ.

ಲ್ಯಾಮಿನೇಟ್ ಬಗ್ಗೆ ಕೆಲವರಿಗೆ ತಾತ್ಸಾರ. ನನಗಿಲ್ಲ. ತೆಳು ಬರ್ಚ್ ಪದರಗಳನ್ನು ಅಂಟಿಸಿ ಮಾಡಿದ್ದು, ಹಾಗಾಗಿ ತಿರುಚುವುದು ತೀರಾ ಕಡಿಮೆ. ಜರ್ಮನ್ನರು 1930ರ ದಶಕದ ಕೊನೆಯಿಂದಲೇ ತಮ್ಮ ಮೌಸರ್ 98ಕೆ ರೈಫಲ್‌ಗಳಿಗೆ ಲ್ಯಾಮಿನೇಟ್ ಸ್ಟಾಕ್ ಹಾಕಿದ್ದರು. ತೂಕ ಮಾತ್ರ ವಾಲ್‌ನಟ್‌ಗಿಂತ ಜಾಸ್ತಿ. ಇಡೀ ದಿನ ಗುಡ್ಡ ಹತ್ತುವವರಿಗೆ ಭಾರ ಅನ್ನಿಸಬಹುದು. ಕೂತು ಕಾಯುವವರಿಗೆ ತೊಂದರೆಯಿಲ್ಲ. ಬೀಚ್ ಮರವೂ ಗಟ್ಟಿ, ಅಗ್ಗ. ಆದರೆ ತೇವಕ್ಕೆ ವಾಲ್‌ನಟ್‌ಗಿಂತ ಬೇಗ ಹಿಗ್ಗಿ ಕುಗ್ಗುತ್ತದೆ.

ಮರದ ವ್ಯಾಪಾರಿಯ ಹತ್ತಿರ ದಪ್ಪ ಹಲಗೆ ತಂದು ಪೂರ್ತಿ ನಾನೇ ಕೆತ್ತುತ್ತೇನೆ ಅನ್ನುವವರೂ ಇದ್ದಾರೆ. ಮರದ ಮಟ್ಟಿಗೆ ಅದೇ ಅಗ್ಗ. ಆದರೆ ಒಣಗಿದ ಮರ ಅಂತ ಅವರು ಹೇಳಿದ ಮಾತನ್ನು ಸುಮ್ನೆ ನಂಬಬೇಡಿ. ಗಾಳಿಯಲ್ಲಿ ಒಣಗಲು ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಬೇಕು ಅನ್ನುವುದು ಬಡಗಿಗಳ ಲೆಕ್ಕ. ಸ್ಟಾಕ್‌ಗೆ ಬೇಕಾದ ಹಲಗೆ ಎರಡೂವರೆ ಇಂಚು ದಪ್ಪ. ನಾನು ಒಮ್ಮೆ ಆಸೆಬಿದ್ದು ಹಸಿ ಹಲಗೆಯನ್ನೇ ಕೆತ್ತಿದೆ. ನಾಲ್ಕು ತಿಂಗಳಲ್ಲಿ ಮುಂಭಾಗ ಬಾಗಿ ಬ್ಯಾರೆಲ್‌ಗೆ ತಾಗಿತು. ಮೊದಲ ಸ್ಟಾಕ್‌ಗೆ ಈ ದಾರಿ ಹಿಡಿಯಬೇಡಿ ಅಂತಲೇ ಹೇಳುತ್ತೇನೆ. ಹಲಗೆ ಕೊಂಡರೆ ಅಡಿಗೆಯ ತಕ್ಕಡಿಯಲ್ಲಿ ತಿಂಗಳಿಗೊಮ್ಮೆ ತೂಗಿ. ತೂಕ ಇಳಿಯುವುದು ನಿಂತ ಮೇಲೆ ಉಳಿ ಇಡಿ.

ಉದ್ದ ನಿಮ್ಮ ಮೈಗೆ ಹೊಂದಬೇಕು. ಟ್ರಿಗರ್‌ನಿಂದ ಹಿಂದಿನ ತುದಿಗೆ 13.5 ಇಂಚಿನ ಆಸುಪಾಸು ಸಾಮಾನ್ಯ ಅಳತೆ. ಬೇಟೆಗೆ ಹಾಕುವ ದಪ್ಪ ಜಾಕೆಟ್ ತೊಟ್ಟುಕೊಂಡೇ ಭುಜಕ್ಕಿಟ್ಟು ನೋಡಿ, ಆಮೇಲೆ ಕತ್ತರಿಸಿ.

ಕೊನೆಗೆ ಎಣ್ಣೆ. ಬೇಯಿಸಿದ ಅಗಸೆ ಎಣ್ಣೆ ಅಥವಾ ಟಂಗ್ ಎಣ್ಣೆಯನ್ನು ತೆಳ್ಳಗೆ, ಹಲವು ಕೋಟ್ ಕೊಡಿ. ಒಂದೊಂದೂ ಪೂರ್ತಿ ಒಣಗಲಿ. ಹೊರಗೆ ಮಾತ್ರ ಹಚ್ಚಿ ಬಿಡಬೇಡಿ. ಆಕ್ಷನ್ ಕೂರುವ ಒಳಭಾಗ, ಬ್ಯಾರೆಲ್ ಕೂರುವ ತೋಡು, ಭುಜಕ್ಕೆ ತಾಗುವ ಹಿಂದಿನ ಪ್ಯಾಡ್ ಅಡಿಯ ಕತ್ತರಿಸಿದ ಮುಖ, ಎಲ್ಲಕ್ಕೂ ಬೇಕು. ನೀರು ನುಗ್ಗುವುದು ಅಲ್ಲಿಂದಲೇ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಒಣಹಾಕಿ.

ಎಲ್ಲ ಜೋಡಿಸಿದ ಮೇಲೆ ಒಂದು ಕಾಗದದ ಪಟ್ಟಿಯನ್ನು ಬ್ಯಾರೆಲ್ ಮತ್ತು ಮರದ ನಡುವೆ ತೂರಿಸಿ ಹಿಂದಕ್ಕೆ ಎಳೆಯಿರಿ. ಆಕ್ಷನ್ ಹತ್ತಿರದವರೆಗೂ ತಡೆಯಿಲ್ಲದೆ ಹೋಗಬೇಕು. ಹವೆ ಬದಲಾದಾಗ ಮತ್ತೊಮ್ಮೆ ನೋಡಿ. ಎಲ್ಲಾದರೂ ಸಿಕ್ಕಿಕೊಂಡರೆ ಆ ಜಾಗವನ್ನು ಉಪ್ಪುಕಾಗದದಲ್ಲಿ ಸ್ವಲ್ಪ ಉಜ್ಜಿ, ಬಿಚ್ಚಿಕೊಂಡ ಮರಕ್ಕೆ ಮತ್ತೆ ಎಣ್ಣೆ ಹಚ್ಚಿ.