ಬುದ್ಧಿ ಹೇಳಸಾಕ ಕರ್ಕೊಂಡು ಬರಬ್ಯಾಡ್ರಿ

ವಿಜಯಪುರದಾಗ ನನ್ನ ಕಡೆ ಕೌನ್ಸೆಲಿಂಗ್‌ಗೆ ಬರೋ ಭಾಳ ಮಂದಿ ತಾವಾಗೇ ಬರಂಗಿಲ್ಲ, ಯಾರೋ ಕರ್ಕೊಂಡು ಬಂದಿರ್ತಾರ. ಅತ್ತಿ ಸೊಸಿನ್ನ, ಅಪ್ಪ ಪಿಯುಸಿ ಫೇಲಾದ ಮಗನ್ನ. ಕುಂತಕೂಡ್ಲೆ "ಮೇಡಂರೀ, ಇಕಿಗೆ ಸ್ವಲ್ಪ ಬುದ್ಧಿ ಹೇಳ್ರಿ" ಅಂತಾರ. ನಾನು ಮೊದಲು ಕರ್ಕೊಂಡು ಬಂದವರಿಗೆ ಹೊರಗ ಕೂಡ್ರಾಕ ಹೇಳ್ತೀನಿ. ಸಿಟ್ಟು ಬರ್ತದ ಅವರಿಗೆ, ಆದ್ರ ಅತ್ತಿ ಬಾಜೂಕ ಕುಂತಾಗ ಯಾವ ಸೊಸಿ ಬಾಯಿ ಬಿಡ್ತಾಳ ಹೇಳ್ರಿ? ಮುಂದಿನ ಸಲ ಅವರನ್ನೂ ಒಳಗ ಕರೀತೀನಿ, ಆದ್ರ ಸೊಸಿ ಹೂಂ ಅಂದ್ರ ಮಾತ್ರ.

ಬುದ್ಧಿಮಾತಿಗೇನು ಊರಾಗ ಬರ ಇಲ್ಲ, ಕಟ್ಟಿಮ್ಯಾಲ ಕುಂತ ಹಿರೇರು ಹೇಳ್ತಾರ, ಮಠದಾಗ ಅಜ್ಜಾರು ಹೇಳ್ತಾರ. ಇಲ್ಲಿ ಆಗೋ ಕೆಲಸ ಬ್ಯಾರೆ. ದ್ರಾಕ್ಷಿ ಬೆಳೆಗಾರರು ಬರ್ತಾರ, ಒಣದ್ರಾಕ್ಷಿ ರೇಟ್ ಬಿದ್ದಿರ್ತದ, ಬ್ಯಾಂಕ್ ನೋಟಿಸ್ ಬಂದಿರ್ತದ, ಮಗಳ ಮದಿವಿ ಮುಂದ ಅದ, ರಾತ್ರಿ ನಿದ್ದಿ ಇಲ್ಲ, "ಎಲ್ಲಾ ಮುಗೀತ್ರಿ" ಅಂತಾರ. ಇಬ್ಬರೂ ಕೂಡಿ ಒಂದು ಹಾಳ್ಯಾಗ ಬರೀತೀವಿ, ಯಾವುದು ಈ ವಾರ ಮಾಡೋದು, ಯಾವುದು ಸುಗ್ಗಿತನಕ ನಿಲ್ಲೋದು, ಯಾವುದು ಇನ್ನೂ ಆಗಿಲ್ಲ ಬರೇ ಅಂಜಿಕಿ. ಸಾಲ ಒಂದು ರೂಪಾಯಿನೂ ಕಡಿಮಿ ಆಗಂಗಿಲ್ಲ. ಆದ್ರ ನಾಲ್ಕೈದು ಭೇಟಿ ಆದಮ್ಯಾಲ ನಿದ್ದಿ ಹತ್ತಿದ ಮನಷ್ಯಾ ಬ್ಯಾಂಕಿಗೆ ಹೋಗಿ ಮಾತಾಡ್ತಾನ, ಹೆಂಡ್ತಿಗೆ ಖರೇ ಲೆಕ್ಕ ಹೇಳ್ತಾನ, ಇದನ್ನ ನಾನು ನೋಡೀನಿ.

ಸಾಯಬೇಕು ಅನಸ್ತದೇನ್ರೀ ಅಂತ ನೇರ ಕೇಳ್ತೀನಿ. ಕೇಳಿದ್ರ ಇಲ್ಲದ ವಿಚಾರ ತಲ್ಯಾಗ ಹೊಕ್ಕೀತು ಅಂತ ಮನಿಯವರು ಅಂಜ್ತಾರ. ಹಂಗ ಆಗಂಗಿಲ್ಲ, ಯಾರಾದ್ರೂ ಕೇಳಿದ್ರಲ್ಲ ಅಂತ ಎಷ್ಟೋ ಮಂದಿ ಅಲ್ಲೇ ಅತ್ತುಬಿಡ್ತಾರ. ಹೇಳಿದ ಮಾತು ಹೊರಗ ಹೋಗಂಗಿಲ್ಲ, ಚಿಕಿತ್ಸಾ ವಿಷಯ ಗುಟ್ಟಾಗಿ ಇಡಬೇಕಂತ 2017ರ ಮಾನಸಿಕ ಆರೋಗ್ಯ ಕಾಯ್ದೆದಾಗೂ ಅದ. ಜೀವಕ್ಕ ಅಪಾಯ ಇದ್ರ ಮಾತ್ರ ಮನಿಯವರಿಗೆ ತಿಳಸ್ತೀನಿ, ಇದನ್ನ ಮೊದಲ ದಿನನೇ ಹೇಳಿರ್ತೀನಿ.

ಗುಳಿಗಿ ನಾನು ಬರಿಯಂಗಿಲ್ಲ. ವಾರಗಟ್ಟಲೆ ಊಟ ನಿದ್ದಿ ಬಿಟ್ಟವರಿಗೆ, ಇಲ್ಲದ ದನಿ ಕೇಳಿಸೋರಿಗೆ ಮಾತಷ್ಟೇ ಸಾಲಂಗಿಲ್ಲ, ಜಿಲ್ಲಾ ಆಸ್ಪತ್ರಿ ಮನೋವೈದ್ಯರ ಕಡೆ ಇಲ್ಲಾ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರಿ ಡಿಮ್ಹಾನ್ಸ್‌ಗೆ ಕಳಸ್ತೀನಿ. ಊರು ಬಿಟ್ಟು ಬರಾಕ ಆಗದವರು, ಇಲ್ಲಾ ಕೌನ್ಸೆಲಿಂಗ್‌ಗೆ ಹೋದ್ರ ಹುಚ್ಚ ಹಿಡದದ ಅಂತ ಮಂದಿ ಆಡ್ಕೋತಾರ ಅಂತ ಅಂಜೋರು, 14416ಕ್ಕ ಫೋನ್ ಹಚ್ಚ್ರಿ. ಅದು 2022ರ ಅಕ್ಟೋಬರ್‌ನಾಗ ಸುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ರೊಕ್ಕ ಇಲ್ಲ, ನಡುರಾತ್ರಿನೂ ಎತ್ತತಾರ, ಕನ್ನಡದಾಗೇ ಮಾತಾಡ್ತಾರ.