ಫೇರೋಗಳು ಒಡಹುಟ್ಟಿದವರನ್ನೇ ಮದುವೆಯಾಗುತ್ತಿದ್ದರೇ?

ಪ್ರಶ್ನೆ: ಪ್ರಾಚೀನ ಈಜಿಪ್ಟಿನ ರಾಜರು ಸ್ವಂತ ಅಕ್ಕತಂಗಿಯರನ್ನು ವರಿಸುತ್ತಿದ್ದರು ಎಂಬುದು ನಿಜವೇ? ಸಾಮಾನ್ಯ ಜನರಲ್ಲಿಯೂ ಈ ಪದ್ಧತಿ ಇತ್ತೇ?

ಉತ್ತರ: ಕೆಲವು ರಾಜರ ಮಟ್ಟಿಗೆ ನಿಜ. ಫೇರೋಗಳ ಕಾಲದ ಜನಸಾಮಾನ್ಯರಲ್ಲಿ ಮಾತ್ರ ಇಂತಹ ಮದುವೆಗಳು ತೀರ ವಿರಳ.

ಇದನ್ನು ಅರಿಯಲು ದೇವತೆಗಳ ಕಥೆಯಿಂದಲೇ ಆರಂಭಿಸಬೇಕು. ಹೆಲಿಯೊಪೊಲಿಸ್ ನಗರದ ಸೃಷ್ಟಿಕಥೆಯ ಪ್ರಕಾರ ಆದಿಯಲ್ಲಿ ಒಬ್ಬನೇ ಇದ್ದ ಆಟುಮ್ ದೇವನು ತನ್ನಿಂದಲೇ ಶು ಮತ್ತು ತೆಫ್ನುತ್ ಎಂಬ ಜೋಡಿಯನ್ನು ಹುಟ್ಟಿಸಿದನು. ಅವರ ಮಕ್ಕಳು ಗೆಬ್ ಮತ್ತು ನುತ್. ನಮಗೆ ಭೂಮಿ ತಾಯಿ. ಈಜಿಪ್ಟಿನವರಿಗೆ ಭೂಮಿಯಾದ ಗೆಬ್ ಗಂಡು, ಆಕಾಶವಾದ ನುತ್ ಹೆಣ್ಣು. ಇವರಿಬ್ಬರ ಮಕ್ಕಳಲ್ಲಿ ಒಸಿರಿಸನು ಇಸಿಸಳನ್ನೂ ಸೇತನು ನೆಫ್ಥಿಸಳನ್ನೂ ವರಿಸಿದರು. ಸೇತನು ಕೊಂದ ಒಸಿರಿಸನ ದೇಹವನ್ನು ಇಸಿಸಳು ಹುಡುಕಿ ತಂದು, ಅವನಿಂದ ಹೋರಸನನ್ನು ಪಡೆದಳು. ಸಿಂಹಾಸನದಲ್ಲಿ ಕುಳಿತ ರಾಜನೇ ಹೋರಸ್, ಮಡಿದ ರಾಜನೇ ಒಸಿರಿಸ್ ಎಂದು ನಂಬಿದ್ದ ನಾಡಿನಲ್ಲಿ, ಪ್ರಜೆಗಳು ಮಾಡದ ಮದುವೆಯನ್ನು ಮಾಡಿಕೊಂಡ ರಾಜನು ದೇವತೆಗಳ ಸಾಲಿಗೆ ಸೇರುತ್ತಿದ್ದನು.

ಧರ್ಮದ ಜೊತೆಗೆ ರಾಜಕಾರಣವೂ ಇತ್ತು. ಬ್ಯಾಬಿಲೋನಿನ ರಾಜ ಕದಶ್ಮನ್-ಎನ್ಲಿಲನು ಈಜಿಪ್ಟಿನ ರಾಜಕುಮಾರಿಯೊಬ್ಬಳನ್ನು ಕೇಳಿದಾಗ, ಈಜಿಪ್ಟಿನ ರಾಜಪುತ್ರಿಯನ್ನು ಎಂದೂ ಯಾರಿಗೂ ಕೊಟ್ಟದ್ದಿಲ್ಲವೆಂಬ ಉತ್ತರ ಬಂದಿತೆಂದು ಈಜಿಪ್ಟಿನ ಅಮರ್ನಾದಲ್ಲಿ ಸಿಕ್ಕ ಪತ್ರಗಳಿಂದ ತಿಳಿಯುತ್ತದೆ. ಹೊರಗೆ ಕೊಡದ ರಾಜಪುತ್ರಿಗೆ ತಕ್ಕ ವರನು ಅರಮನೆಯೊಳಗೇ ಸಿಗಬೇಕಿತ್ತು. ಆದರೆ ಅನ್ಯದೇಶಗಳ ಹೆಣ್ಣುಗಳನ್ನು ತರಲು ಫೇರೋಗಳಿಗೆ ಸಂಕೋಚವಿರಲಿಲ್ಲ. 2ನೆಯ ರಾಮ್ಸೆಸನು ಇಂದಿನ ಟರ್ಕಿಯ ಭಾಗದಲ್ಲಿ ಆಳುತ್ತಿದ್ದ ಹಿಟ್ಟೈಟ್ ರಾಜನ ಮಗಳನ್ನೇ ವರಿಸಿದನು.

ರಾಜಪುತ್ರಿಯನ್ನು ವರಿಸಿದವನಿಗೆ ಮಾತ್ರ ಸಿಂಹಾಸನದ ಹಕ್ಕು ದೊರೆಯುತ್ತಿತ್ತೆಂಬ ಹಳೆಯ ವಾದವನ್ನು ಒಪ್ಪಲಾಗದು. 3ನೆಯ ಅಮೆನ್‌ಹೊತೆಪನ ಪಟ್ಟದ ರಾಣಿ ತೀಯೆ ರಾಜವಂಶದವಳಲ್ಲ. ಆಕೆಯ ತಂದೆತಾಯಿಯರಾದ ಯುಯಾ ಮತ್ತು ಥುಯಾರ ಹೆಸರುಗಳನ್ನು ರಾಜನೇ ಜೀರುಂಡೆಯಾಕಾರದ ಮುದ್ರೆಗಳ ಮೇಲೆ ಕೆತ್ತಿಸಿ ಹಂಚಿದ್ದನು. ಮುಚ್ಚಿಡಬೇಕಾದ ಸಂಗತಿ ಅದಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ.

ಸೋದರ-ಸೋದರಿಯರ ಮದುವೆಗೆ ಉದಾಹರಣೆಗಳೂ ಇವೆ. 2ನೆಯ ಥುತ್ಮೋಸ್ ಮತ್ತು ಹತ್ಶೆಪ್ಸುತ್ ಒಬ್ಬನೇ ತಂದೆಯ, ಬೇರೆ ತಾಯಂದಿರ ಮಕ್ಕಳು. ಟುಟನ್‌ಖಾಮೂನನ ತಂದೆತಾಯಿ ಒಡಹುಟ್ಟಿದವರೆಂದು 2010ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ಹೇಳಿತು. ಬಹಳ ಕಾಲದ ನಂತರ ಆಳಿದ ಗ್ರೀಕ್ ಮೂಲದ ಟಾಲೆಮಿಗಳಲ್ಲಿ ಈ ಪದ್ಧತಿ ಇನ್ನೂ ಗಾಢವಾಯಿತು. 2ನೆಯ ಟಾಲೆಮಿಯು ಒಡಹುಟ್ಟಿದ ಅಕ್ಕ ಅರ್ಸಿನೋಯೆಯನ್ನು ವರಿಸಿದನು.

ಜನಸಾಮಾನ್ಯರ ವಿಷಯದಲ್ಲಿ ಗೊಂದಲ ಹುಟ್ಟಿಸಿದ್ದು ಒಂದು ಪದ. ‘ಸೆನೆತ್’ ಎಂದರೆ ಸೋದರಿ. ಆದರೆ ‘ಹೊಸ ಸಾಮ್ರಾಜ್ಯ’ವೆಂದು ಕರೆಯುವ ಕಾಲಕ್ಕೆ (ಸುಮಾರು ಕ್ರಿ.ಪೂ. 1550–1070) ಗಂಡನು ಹೆಂಡತಿಯನ್ನೂ, ಪ್ರೇಮಗೀತೆಗಳ ನಾಯಕನು ತನ್ನ ನಲ್ಲೆಯನ್ನೂ ಅದೇ ಪದದಿಂದ ಕರೆಯುತ್ತಿದ್ದರು. ಆದ್ದರಿಂದ ಗೋರಿಯ ಗೋಡೆಯ ಮೇಲೆ ಪತ್ನಿಯನ್ನು ‘ಸೋದರಿ’ ಎಂದು ಬರೆದಿದ್ದರೆ ಅಲ್ಲಿ ಓದಬೇಕಾದದ್ದು ರಕ್ತಸಂಬಂಧವನ್ನಲ್ಲ, ಅಕ್ಕರೆಯನ್ನು.