ಟೀಚರ್ ಮಗುವಿಗೆ ಪಾಠ ಮಾಡೋದು ಬಿಟ್ಟು ನಮ್ಮ ಜೊತೆಗೇ ಯಾಕೆ ಮಾತಾಡ್ತಾರೆ?

ಪ್ರಶ್ನೆ: ಮಗಳಿಗೆ ಎರಡು ವರ್ಷ. ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಈಗ ಎರಡೂ ಕಿವಿಗೆ ಮಷಿನ್ ಹಾಕಿದ್ದೇವೆ. ವಾರಕ್ಕೊಮ್ಮೆ ಟೀಚರ್ ಮನೆಗೆ ಬರುತ್ತಾರೆ. ಮಗಳ ಜೊತೆ ಹತ್ತು ನಿಮಿಷ ಆಡುತ್ತಾರೆ, ಉಳಿದ ಹೊತ್ತೆಲ್ಲ ನಮ್ಮ ಜೊತೆಗೇ ಮಾತು. ಪಾಠ ಯಾಕೆ ಮಾಡುವುದಿಲ್ಲ?

ನಾನೂ ಹೀಗೆ ಮನೆಮನೆಗೆ ಹೋಗುವ ಟೀಚರೇ. ಕಾರವಾರದಿಂದ ಶಿರಸಿ ತನಕ ನಾನು ಹೋದ ಮನೆಗಳಲ್ಲೆಲ್ಲ ಹೆಚ್ಚುಕಮ್ಮಿ ಇದೇ ಪ್ರಶ್ನೆ ಬಂದಿದೆ. ಕೆಲವರು ಬಾಯಿಬಿಟ್ಟು ಕೇಳುತ್ತಾರೆ, ಕೆಲವರು ಮುಖದಲ್ಲೇ ಕೇಳುತ್ತಾರೆ. ಉತ್ತರ ನೇರವಾಗಿ ಹೇಳುತ್ತೇನೆ. ಆ ಪಾಠ ಇರುವುದೇ ನಿಮಗೆ.

ಲೆಕ್ಕ ಹಾಕಿ ನೋಡಿ. ಎರಡು ವರ್ಷದ ಮಗು ದಿನಕ್ಕೆ ಸುಮಾರು 12 ಗಂಟೆ ಎಚ್ಚರ ಇರುತ್ತದೆ. ವಾರಕ್ಕೆ 84 ಗಂಟೆ ಆಯಿತು. ಅದರಲ್ಲಿ ಟೀಚರ್ ಪಾಲು ಒಂದು. ಉಳಿದ 83 ಗಂಟೆ ನಿಮ್ಮದು. ಕಿವಿ ಕೇಳುವ ಮಗು ಭಾಷೆ ಕಲಿಯುವುದು ಪಾಠದಿಂದಲ್ಲ. ಅಮ್ಮ ಫೋನಲ್ಲಿ ಹೇಳಿದ್ದು, ಅಜ್ಜಿ ಪಕ್ಕದ ಮನೆಯವರ ಹತ್ತಿರ ಹೇಳಿದ್ದು, ಎಲ್ಲ ಕಿವಿಗೆ ಬೀಳುತ್ತಲೇ ಇರುತ್ತದೆ. ನಿಮ್ಮ ಮಗಳಿಗೆ ಹಾಗೆ ಬೀಳುವುದಿಲ್ಲ. ಮಷಿನ್ ಚೆನ್ನಾಗಿ ಕೆಲಸ ಮಾಡುವುದು ಒಂದೆರಡು ಮೀಟರ್ ಒಳಗೆ, ಸುತ್ತ ಗಲಾಟೆ ಇಲ್ಲದಾಗ. ಒಳಕೋಣೆಯಿಂದ ಕೂಗಿದ್ದು, ಮಿಕ್ಸಿ ತಿರುಗುವಾಗ ಹೇಳಿದ್ದು ಅವಳಿಗೆ ಸರಿಯಾಗಿ ತಲುಪುವುದಿಲ್ಲ. ಬೇರೆ ಮಕ್ಕಳಿಗೆ ತಾನಾಗಿ ಸಿಗುವುದನ್ನು ಇವಳ ಹತ್ತಿರ ಒಯ್ದು ಕೊಡಬೇಕು, ಅದನ್ನು ದಿನವಿಡೀ ಮಾಡೋಕೆ ಆಗುವುದು ಮನೆಯವರಿಗೆ ಮಾತ್ರ.

ಇದು ನಮ್ಮೂರಲ್ಲಿ ಹೊಸದಾಗಿ ಹುಟ್ಟಿದ ಯೋಚನೆ ಅಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಪ್ರಿಸ್ಕೂಲ್‌ನಲ್ಲೂ ಮಕ್ಕಳ ಜೊತೆ ತಾಯಂದಿರು ಕೂತು ಕಲಿಯುತ್ತಾರೆ.

ಕಾರವಾರದ ಒಂದು ಮನೆಯಲ್ಲಿ ಆಗಿದ್ದು ಹೇಳುತ್ತೇನೆ. ನಾನು ಹೋದಾಗ ಅಜ್ಜಿ ಹಿತ್ತಲಲ್ಲಿ ಬಂಗುಡೆ ಹಸನು ಮಾಡುತ್ತಿದ್ದರು. ನನ್ನನ್ನು ನೋಡಿ ಏಳಲು ಹೋದರು, ಬೇಡ ಅಂದೆ. ಮೊಮ್ಮಗುವನ್ನು ಅವರ ಎದುರೇ ಕೂರಿಸಿದೆವು. ಕೆಲಸ ನಿಲ್ಲಿಸಬೇಡಿ, ಆದರೆ ಮಗು ಮುಖ ನೋಡಿದ ಮೇಲೆ ಮಾತಾಡಿ, ಒಂದು ಮಾತು ಆದ ಮೇಲೆ ಸುಮ್ನೆ ಇರಿ ಅಂದೆ. ಈ ಸುಮ್ನೆ ಇರುವುದೇ ಎಲ್ಲರಿಗೂ ಕಷ್ಟ, ನಾವು ಪ್ರಶ್ನೆ ಕೇಳಿ ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ. ಅಜ್ಜಿ ಬಾಲ ಕತ್ತರಿಸಿ ತೋರಿಸಿದರು, ಕೊಂಕಣಿಯಲ್ಲಿ ಏನೋ ಹೇಳಿದರು, ಆಮೇಲೆ ಖಾಲಿ ಚೊಂಬು ಹಿಡಿದು ಕಾದರು. ಮಗು ಚೊಂಬು ನೋಡಿತು, ಅಜ್ಜಿಯ ಮುಖ ನೋಡಿತು, ಮತ್ತೆ ಚೊಂಬು ನೋಡಿತು. ಬಾಯಿಂದ 'ಉ' ಅಂತ ಬಂತು. 'ಉದಾಕ್' ಅಂತ ಪೂರ್ತಿ ಹೇಳಿ ಅಜ್ಜಿ ನೀರು ಸುರಿದರು. ಆ ಭೇಟಿಯಲ್ಲಿ ನಾನು ಮಗುವಿನ ಜೊತೆ ಹೆಚ್ಚು ಮಾತೇ ಆಡಲಿಲ್ಲ. ಆದರೆ ಆ ಅಜ್ಜಿ ದಿನಾ ಮೀನು ಹಸನು ಮಾಡುತ್ತಾರೆ, ನಾನು ದಿನಾ ಹೋಗುವುದಿಲ್ಲ.

ಇಲ್ಲೇ ಇನ್ನೊಂದು ಮಾತು. ಶಾಲೆ ಕನ್ನಡ, ಅದಕ್ಕೆ ಮನೆಯಲ್ಲೂ ಕನ್ನಡವನ್ನೇ ಆಡಿ ಅಂತ ಯಾರಾದರೂ ಹೇಳಿರುತ್ತಾರೆ. ನನಗೆ ಇದು ಒಪ್ಪಿಗೆ ಇಲ್ಲ. ನೀವು ಮುದ್ದು ಮಾಡುವ, ಬೈಯುವ, ಜಗಳ ಆಡುವ ಭಾಷೆ ಯಾವುದೋ ಅದನ್ನೇ ಆಡಿ. ಕಾರವಾರದಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಶಿರಸಿ ಕಡೆ ಹವ್ಯಕ, ಯಾವುದಾದರೂ ಸರಿ. ಬಾರದ ಭಾಷೆಯಲ್ಲಿ ತಡವರಿಸಿದರೆ ಮಾತೇ ಕಡಿಮೆಯಾಗುತ್ತದೆ. ಸಾಕಷ್ಟು ಕೇಳಿಸಿದರೆ ಈ ಮಕ್ಕಳೂ ಎರಡು ಭಾಷೆ ಕಲಿಯುತ್ತಾರೆ. ಸನ್ನೆ ಮಾಡಿದರೆ ಮಾತು ಬರುವುದಿಲ್ಲ ಅನ್ನುವ ಹೆದರಿಕೆಯೂ ಬೇಡ. ಮಗುವಿಗೆ ಹಾನಿ ಆಗುವುದು ಮೊದಲ ವರ್ಷಗಳು ಯಾವ ಭಾಷೆಯೂ ಸಿಗದೆ ಕಳೆದುಹೋದಾಗ. ಭಾರತೀಯ ಸಂಜ್ಞಾ ಭಾಷೆಯ ಹತ್ತು ಸಾವಿರ ಪದಗಳ ವಿಡಿಯೊ ನಿಘಂಟು 2021ರಿಂದ ಆನ್‌ಲೈನ್‌ನಲ್ಲಿ ಇದೆ. ಅದಕ್ಕಿಂತಲೂ ಒಳ್ಳೆಯದು, ಸಂಜ್ಞೆ ಬಳಸುವ ಕಿವುಡ ಹಿರಿಯರು ಊರಲ್ಲಿದ್ದರೆ ಮನೆಗೆ ಕರೆಯಿರಿ.

ಟೀಚರ್ ನಿಮ್ಮ ಜೊತೆ ಮಾತಾಡುವ ಹೊತ್ತಿನಲ್ಲಿ ಅರ್ಧ ಮಷಿನ್ ವಿಷಯಕ್ಕೇ ಹೋಗುತ್ತದೆ, ಅದರಲ್ಲೂ ನಮ್ಮ ಮಳೆಗಾಲದಲ್ಲಿ. ಕಿವಿಯೊಳಗೆ ಕೂರುವ ಅಚ್ಚಿನಿಂದ ಮಷಿನ್‌ಗೆ ಹೋಗುವ ಸಣ್ಣ ನಳಿಕೆಯಲ್ಲಿ ನೀರಿನ ಹನಿ ಕಟ್ಟಿದರೆ ಸದ್ದು ಅಲ್ಲೇ ನಿಂತುಬಿಡುತ್ತದೆ. ರಾತ್ರಿ ಬ್ಯಾಟರಿ ತೆಗೆದು, ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಮಷಿನ್ ಇಡಿ. ಬ್ಯಾಟರಿ ಮಕ್ಕಳ ಕೈಗೆ ಸಿಗಲೇಬಾರದು, ನುಂಗಿದರೆ ಜೀವಕ್ಕೇ ಅಪಾಯ. ಬೆಳಿಗ್ಗೆ ಹಾಕಿದ ಮೇಲೆ ಮಗುವಿನ ಹಿಂದೆ ನಿಂತು ಆ, ಈ, ಊ, ಮ್, ಶ್, ಸ್ ಈ ಆರು ಸದ್ದು ಮಾಡಿ. ನಿನ್ನೆ ತನಕ 'ಸ್'ಗೆ ತಿರುಗುತ್ತಿದ್ದವಳು ಇವತ್ತು ತಿರುಗಲಿಲ್ಲ ಅಂದರೆ ಮಷಿನ್ ಹಾಳಾಗಿರಬಹುದು, ಶೀತ ಆಗಿರಬಹುದು, ಕಿವಿಯಲ್ಲಿ ಗುಗ್ಗೆ ಕಟ್ಟಿರಬಹುದು. ಮುಂದಿನ ವಾರದ ತನಕ ಕಾಯಬೇಡಿ, ಅವತ್ತೇ ಫೋನ್ ಮಾಡಿ. ಅಚ್ಚು ಸೀಟಿ ಹೊಡೆದಂತೆ ಕೂಗಿದರೆ ಹೆಚ್ಚಾಗಿ ಮಗುವಿನ ಕಿವಿ ಬೆಳೆದು ಅದು ಸಡಿಲ ಆಗಿರುತ್ತದೆ. ಹಾಗಾಗಿದ್ದರೆ ಹೊಸದು ಮಾಡಿಸಿ, ವಾಲ್ಯೂಮ್ ಮಾತ್ರ ಇಳಿಸಬೇಡಿ. ತಗಡಿನ ಮಾಡಿನ ಮೇಲೆ ಜುಲೈ ಮಳೆ ಸುರಿಯುವಾಗ ಕತೆ ಹೇಳುವುದಾದರೆ ಮಗುವನ್ನು ತೊಡೆಯ ಮೇಲೇ ಕೂರಿಸಿಕೊಳ್ಳಿ.

ಉಳಿದ ಅರ್ಧ ಹೊತ್ತು ನಿಮ್ಮ ಸಂಕಟಕ್ಕೆ. 'ಯಾರ ಕಡೆಯಿಂದ ಬಂತು' ಅಂತ ಸೊಸೆಯನ್ನು ಕೇಳುವ ಮನೆಗಳು ಇನ್ನೂ ಇವೆ, ಅದು ನನಗೆ ತುಂಬ ನೋವು ಕೊಡುತ್ತದೆ. ಕಿವುಡ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಮಕ್ಕಳ ತಂದೆತಾಯಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ. ಅವರು ಮಾಡಿದ ತಪ್ಪು ಏನೂ ಇಲ್ಲ. ಒಬ್ಬ ತಾಯಿ ಒಂದು ಗಂಟೆ ಅತ್ತರೆ ಆ ಗಂಟೆ ಹಾಳಾಯಿತು ಅಂತ ನಾನು ತಿಳಿಯುವುದಿಲ್ಲ, ಅದೂ ನನ್ನ ಕೆಲಸವೇ.

ಕಾಗದಪತ್ರದ ಮಾತೂ ಇರುತ್ತದೆ, ಚಿಕ್ಕದಾಗಿ ಹೇಳುತ್ತೇನೆ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಿ. ಮಷಿನ್‌ನಿಂದ ಸಾಕಷ್ಟು ಉಪಯೋಗ ಆಗದ ಮಕ್ಕಳಿಗೆ ಕೇಂದ್ರದ ಎಡಿಪ್ ಯೋಜನೆಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್‌ಗೆ, ಅಂದರೆ ಆಪರೇಷನ್ ಮಾಡಿ ಒಳಗಿವಿಯಲ್ಲಿ ಕೂರಿಸುವ ಸಾಧನಕ್ಕೆ, ನೆರವು ಇದೆ. ಹುಟ್ಟಿನಿಂದ ಕೇಳದ ಮಕ್ಕಳಿಗೆ ಅದರಲ್ಲಿ ವಯಸ್ಸಿನ ಮಿತಿ 5 ವರ್ಷ. ಹಾಗಾಗಿ ಈಗಲೇ ವಿಚಾರಿಸಿ. ಮನೆಯಲ್ಲಿ ಇನ್ನೊಂದು ಕೂಸು ಹುಟ್ಟುವುದಿದ್ದರೆ ಒಂದು ತಿಂಗಳೊಳಗೆ ಕಿವಿ ತಪಾಸಣೆ, ಸಂಶಯ ಇದ್ದರೆ ಮೂರು ತಿಂಗಳೊಳಗೆ ಬೆರಾ ಪರೀಕ್ಷೆ (ಸದ್ದಿಗೆ ಕಿವಿಯ ನರ, ಮೆದುಳು ಹೇಗೆ ಸ್ಪಂದಿಸುತ್ತವೆ ಅಂತ ನೋಡುವುದು), ಆರು ತಿಂಗಳೊಳಗೆ ಮಷಿನ್ ಮತ್ತು ಟೀಚರ್. 'ಅವರಪ್ಪನೂ ತಡವಾಗಿ ಮಾತಾಡಿದ್ದು ಬಿಡಿ' ಅನ್ನುವವರ ಮಾತು ಕೇಳಿ ಕಾಯಬೇಡಿ.

ಮುಂದಿನ ಸಲ ಟೀಚರ್ ಬರುವಾಗ ಮಗಳಿಗೆ ಹೊಸ ಅಂಗಿ ಹಾಕಿ, ಚಾಪೆ ಹಾಸಿ ಕಾಯುವುದು ಬೇಡ. ಆ ಹೊತ್ತಿಗೆ ದಿನಾ ಏನು ಮಾಡುತ್ತೀರೋ ಅದನ್ನೇ ಮಾಡುತ್ತಿರಿ. ಸ್ನಾನ ಇರಲಿ, ದೋಸೆ ಇರಲಿ, ನಿಮ್ಮನ್ನು ನೋಡಿ ಹೇಳಲಿ. ಅಪ್ಪನೂ ಜೊತೆಗಿರಲಿ. ಟ್ರಾಲರ್‌ಗೆ ಹೋಗುವ ಅಪ್ಪಂದಿರು ಸಿಗುವುದೇ ಇಲ್ಲ, ಆದರೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಇರುತ್ತದಲ್ವಾ, ಆ ಎರಡು ತಿಂಗಳ ಭೇಟಿಗಳನ್ನು ಅವರಿಗೆ ಹೊಂದುವ ಹೊತ್ತಿಗೆ ಇಡಿ ಅಂತ ಟೀಚರ್ ಹತ್ತಿರ ಈಗಲೇ ಕೇಳಿಟ್ಟುಕೊಳ್ಳಿ.